ತುಳಸಿಮಾಳ ಮತ್ತು ಮೀನೆಣ್ಣೆ

ಬೀದರ, ಚೌಬಾರದ ಹಿಂದಿನ ಓಣಿ
೧೬ ನವೆಂಬರ್ ೧೯೫೬, ಶುಕ್ರವಾರ

ಔರಾದಿನ ಅಂಜನಾ ಅಕ್ಕನವರಿಗೆ, ನಿಮ್ಮ ತಮ್ಮನ ಹೆಂಡತಿ ಶಾಲುಬಾಯಿಯ ನಮಸ್ಕಾರ.

ಮುಂದಿನದೇನನ್ನೂ ಓದುವ ಮೊದಲು ಇದೊಂದನ್ನು ಓದಿಕೊಳ್ಳಿ: ಅತ್ತೆಯವರು ಬದುಕಿದ್ದಾರೆ. ಇವತ್ತು ಬೆಳಿಗ್ಗೆ ನನ್ನ ಕೈಯಿಂದ ಜೋಳದ ಗಂಜಿ ಕುಡಿದರು. ಉಪ್ಪು ಕಡಿಮೆಯಾಗಿದೆ ಎಂದು ಮುಖ ಸಿಂಡರಿಸಿದರು. ನನ್ನ ಅಡುಗೆಗೆ ಹೆಸರಿಡುವಷ್ಟು ಜೀವ ಅವರಿಗೆ ತಿರುಗಿ ಬಂದಿದೆ.

ಇನ್ನು ನಿಮ್ಮ ಮಾತಿಗೆ ಬರುತ್ತೇನೆ. ನಮ್ಮ ಕುರಿ ನೋಡಿಕೊಳ್ಳುವ ಧೊಂಡಿಬಾ ಔರಾದ ಸಂತೆಗೆ ಹೋದವನು ನಿಮ್ಮ ಮನೆಗೂ ಬಂದಿದ್ದನಂತೆ. ದವಾಖಾನೆಯ ಬಾಗಿಲಲ್ಲಿ ನಿಂತು ತಾನು ಕೇಳಿದ್ದನ್ನು ನಿಮಗೆ ಅರ್ಧ ಹೇಳಿದ. ನೀವು ಅಂದದ್ದನ್ನು ಮಾತ್ರ ಒಂದಕ್ಷರ ಬಿಡದೆ ಹೊತ್ತು ತಂದ. "ನಮ್ಮವ್ವಗ ಇಸ ಹಾಕಿದಾಕಿ ಮಾರಿ ನಾ ನೋಡಂಗಿಲ್ಲ. ಅಕಿ ನನ್ನ ಹೊಸ್ತಿಲಾ ತುಳಿಬಾರ್ದಂತ ಹೇಳು" ಎಂದಿರಂತೆ. ಪಾಪ, ಅವನು ನೆಲ ನೋಡಿಕೊಂಡೇ ಹೇಳಿದ. ಕೇಳಿ ನನಗೆ ಸಿಟ್ಟು ಬಂತು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರ ಬೆನ್ನು ತಿಕ್ಕಿದ್ದು, ತಲೆ ಬಾಚಿದ್ದು, ಎತ್ತಿ ಕೂಡಿಸಿದ್ದು ಈ ಕೈಗಳೇ ಅಲ್ಲವೇ? ಒಂದು ರೊಟ್ಟಿ ಬಡಿಯುವಷ್ಟು ಹೊತ್ತೂ ನಿಮಗೆ ಅದು ನೆನಪಾಗಲಿಲ್ಲವೇ?

ಆದರೂ ಅಕ್ಕಾ, ಅದು ವಿಷವೇ ಆಗಿತ್ತು. ಡಾಕ್ಟರರ ಬಾಯಿಂದ ಆ ಮಾತು ಬಂದದ್ದು ನಿಜ. ಅದನ್ನು ಹಾಕಿದ ಕೈಗಳಲ್ಲಿ ನನ್ನದೂ ಒಂದು ಎನ್ನುವುದೂ ನಿಜ. ಆದರೆ ಒಂದೇ ಕೈ ಅಲ್ಲ. ಅದನ್ನೇ ನಿಮಗೆ ಬರೆಯಲು ಕೂತಿದ್ದೇನೆ. ಭಾವನವರ ಕೈಗೆ ಈ ಪತ್ರ ಕೊಡಬೇಡಿ, ನೀವೇ ಓದಿ. ನೀವು ತಡವರಿಸಬಾರದೆಂದು ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ಹೋದ ವರ್ಷ ಪಂಚಮಿಗೆ ಬಂದಾಗ ನನ್ನ ಪಕ್ಕದಲ್ಲಿ ಕೂತು ಕಲಿತ ಅಕ್ಷರ ಇಂಥದ್ದನ್ನು ಓದುವುದಕ್ಕೆ ಬರುತ್ತದೆಂದು ಯಾರಿಗೆ ಗೊತ್ತಿತ್ತು? ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತು ಓದಿ. ದಿನ ತುಂಬುತ್ತಿರುವ ಬಸುರಿ ನೀವು. ಅತ್ತೆಯವರ ಜೀವ ನೆಲೆಗೆ ನಿಲ್ಲುವವರೆಗೆ ನಿಮಗೆ ತಿಳಿಸಬಾರದೆಂದು ನಾವು ಬಾಯಿ ಬಿಗಿಹಿಡಿದದ್ದು ಅದಕ್ಕೇ. ಧೊಂಡಿಬಾನ ಬಾಯಿ ಕಟ್ಟುವುದು ಮಾತ್ರ ಮರೆತೆವು.

ಅತ್ತೆಯವರ ನಡಿಗೆ ಹೇಗಾಗಿತ್ತೆಂದು ಆ ಪಂಚಮಿಯಲ್ಲೇ ನೀವು ನೋಡಿದ್ದೀರಿ. ಬಾತುಕೋಳಿಯ ಹಾಗೆ ಆಕಡೆ ಈಕಡೆ ವಾಲುತ್ತಿದ್ದರು. ನೆಲಕ್ಕೆ ಕೂತರೆ ಏಳಲು ಇಬ್ಬರು ಬೇಕಾಗುತ್ತಿತ್ತು. ವಾಯು ಎಂದು ಎಣ್ಣೆ ತಿಕ್ಕಿದೆವು, ದೃಷ್ಟಿ ಎಂದು ಮೆಣಸಿನಕಾಯಿ ನಿವಾಳಿಸಿದೆವು. ಈ ಸಲದ ಯುಗಾದಿ ಮುಗಿದ ವಾರ ಒಗ್ಗರಣೆಯ ಘಾಟಿಗೆ ಒಮ್ಮೆ ಸೀನಿದರು, ಅಷ್ಟೇ. ಪಕ್ಕೆಯಲ್ಲಿ ಲಟಕ್ಕೆಂದಿತು. ಒಲೆಯ ಮುಂದೆ ಕೂತಿದ್ದ ನನಗೂ ಆ ಸದ್ದು ಕೇಳಿಸಿತು. ಸೀನಿದರೆ ಮನುಷ್ಯರ ಎಲುಬು ಮುರಿಯುತ್ತದೆಂದು ನಾನು ಎಲ್ಲೂ ಕೇಳಿರಲಿಲ್ಲ.

ಆಗ ನಿಮ್ಮ ತಮ್ಮ ಹಟ ಹಿಡಿದು ಅವರನ್ನು ಬೀದರಿಗೆ ಕರೆತಂದರು. ಪರದೆ ಕಟ್ಟಿದ ಬಂಡಿಯಲ್ಲಿ ಹಲಬರ್ಗಾ ಸ್ಟೇಶನ್ನು, ಅಲ್ಲಿಂದ ರೈಲು. ಆಗ ಬೀದರಿನಲ್ಲಿ ಹೈದರಾಬಾದಿನ ಡಾಕ್ಟರಬಾಯಿ ಒಬ್ಬರಿದ್ದರು. ಪರದೆಯ ಆಚೆ ಅತ್ತೆಯವರನ್ನು ಮಲಗಿಸಿ ಒತ್ತಿ ನೋಡಿ ಈಚೆ ಬಂದು ನಿಮ್ಮ ತಮ್ಮನಿಗೆ ಉರ್ದುವಿನಲ್ಲಿ ಎಲ್ಲ ಹೇಳಿದರು (ನನಗೆ ಅದನ್ನು ಇವರೇ ಆಮೇಲೆ ಬಿಡಿಸಿ ಹೇಳಿದ್ದು). ಒಳಗಿದ್ದವರಿಗೆ ಉರ್ದು ಎಲ್ಲಿ ತಿಳಿಯಬೇಕೆಂದು ಇವರು ದನಿಯನ್ನೂ ತಗ್ಗಿಸಲಿಲ್ಲ. ಎಲುಬಿನೊಳಗಿನ ಸುಣ್ಣ ಕರಗಿ ಹೋಗಿದೆ, ತಿಂದ ಅನ್ನದಲ್ಲಿರುವ ಸುಣ್ಣ ಎಲುಬಿಗೆ ಹತ್ತಬೇಕಾದರೆ ಮೈಯಲ್ಲಿ ವಿಟಮಿನ್ ಡಿ ಎನ್ನುವುದೊಂದು ಇರಬೇಕು, ಅದು ಹುಟ್ಟುವುದು ಚರ್ಮಕ್ಕೆ ಬಿಸಿಲು ಬಿದ್ದರೆ ಎಂದರು. ಈಕೆ ಬಿಸಿಲು ಕಂಡು ಎಷ್ಟು ಕಾಲವಾಯಿತು ಎಂದು ಕೇಳಿದರು.

ಇದಕ್ಕೆ ನಿಮ್ಮ ತಮ್ಮ ಏನಂತ ಉತ್ತರ ಕೊಟ್ಟಾರು? ಪಾಟೀಲರ ವಾಡೆಯ ಹೆಂಗಸರು ಹೊರ ಅಂಗಳಕ್ಕೆ ಬರುವ ಪದ್ಧತಿ ಮೊದಲೇ ಇಲ್ಲ. ಒಳಚೌಕದಲ್ಲಾದರೂ ಆಕಾಶ ಕಾಣುತ್ತಿತ್ತು. ರಜಾಕಾರರ ಗಲಾಟೆಯ ಕಾಲದಲ್ಲಿ ಪಕ್ಕದ ಮಾಳಿಗೆಯಿಂದ ಯಾರಾದರೂ ಇಣುಕಿಯಾರೆಂದು ಹೆದರಿ ಮಾವನವರು ಅದಕ್ಕೂ ತಗಡು ಹೊದಿಸಿದರು. ಗಲಾಟೆ ಮುಗಿಯಿತು, ನಿಜಾಮನ ರಾಜ್ಯ ಹೋಯಿತು, ಮಾವನವರೂ ತೀರಿಕೊಂಡರು. ತಗಡು ಮಾತ್ರ ಹಾಗೇ ಉಳಿಯಿತು. ಮಳೆಗಾಲದಲ್ಲಿ ಹಪ್ಪಳ ಒಣಗುವುದಿಲ್ಲವೆಂದು ನಾನು ಗೊಣಗಿದ್ದೇ ಹೊರತು, ಅದರ ಕೆಳಗೆ ಮನುಷ್ಯರ ಎಲುಬೂ ಹಸಿಯಾಗುತ್ತಿದೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಡಾಕ್ಟರಬಾಯಿ ಎರಡು ದಾರಿ ಹೇಳಿದರು. ದಿನಾ ಒಂದಿಷ್ಟು ಹೊತ್ತು ಬಿಸಿಲಲ್ಲಿ ಕೂಡಿಸಬೇಕು, ಅದರ ಜತೆ ಈ ಎಣ್ಣೆ ದಿನಕ್ಕೆ ಐದು ಹನಿ ಹೊಟ್ಟೆಗೆ ಕೊಡಬೇಕು. ಬಿಸಿಲಿನ ಮಾತು ಬಂದೊಡನೆ ನಿಮ್ಮ ತಮ್ಮ, ಅದೊಂದು ನಮ್ಮ ಮನೆಯಲ್ಲಿ ಆಗುವ ಮಾತಲ್ಲ, ಎಣ್ಣೆ ಕೊಡುತ್ತೇವೆ ಎಂದರು. ಎಣ್ಣೆ ಬಹಳ ತೇಜಿಯದು, ಹನಿ ಹೆಚ್ಚಾಗಬಾರದು, ಎರಡು ತಿಂಗಳಿಗೊಮ್ಮೆ ನನಗೆ ತೋರಿಸಿ ಎಂದು ಆಕೆ ಒತ್ತಿ ಹೇಳಿದರು. ಇವರು ಎಲ್ಲದಕ್ಕೂ ಗೋಣು ಹಾಕಿದರು. ಕೊನೆಗೆ, ಯಾವುದರ ಎಣ್ಣೆ ಎಂದು ಕೇಳಿದರು. ಆಕೆ ಮೀನಿನದು ಎಂದರು.

ತುಳಸಿಮಾಳ ಕೊರಳಿಗೆ ಬಿದ್ದ ಮೇಲೆ ಮೀನು ಮಾಂಸದ ಹೆಸರನ್ನೂ ಎತ್ತಬಾರದು, ಸಾಯುವ ತನಕ ಮಾಳ ಕೊರಳು ಬಿಡಬಾರದು ಎಂದು ನಿಮಗೆ ನಾನು ಹೇಳಬೇಕೇ? ಅತ್ತೆಯವರು ಪಂಢರಪುರ ಕಂಡವರಲ್ಲ. ಕೀರ್ತನೆಯ ಮಹಾರಾಜರು ವಾಡೆಗೇ ಬಂದು ಮಾಳ ಹಾಕಿದ್ದು. ಆವತ್ತಿನಿಂದ ಬೇಟೆಯಾಡಿದವರು ಬಂದು ಕೂತ ಕಟ್ಟೆಯನ್ನೂ ತೊಳೆಸುತ್ತಿದ್ದರು. ಬೀದರ ಸ್ಟೇಶನ್ನಿನಲ್ಲಿ ನಿಮ್ಮ ತಮ್ಮ ಸೀಸೆಯನ್ನು ನನ್ನ ಕೈಯಲ್ಲಿಟ್ಟು, "ಮೀನಿಂದಂತ. ಅವ್ವಗ ಗೊತ್ತಾದ್ರ ಅನ್ನಾ ನೀರು ಬಿಡ್ತಾಳ. ಊರಿಗಿ ಹೋದಕೂಡ್ಲೆ ತಿಪ್ಪಿಗಿ ಒಗಿ" ಎಂದರು. ಊರಿಗೆ ಬಂದ ಮೇಲೆ ಅತ್ತೆಯವರೇ ಕೇಳಿದರು: "ಆ ಡಾಕ್ಟರಬಾಯಿ ಏನೋ ಎಣ್ಣಿ ಕೊಟ್ಟಂಗಿತ್ತಲ್ಲೋ ಮಚ್ಛಿಂದ್ರಾ?" ಇವರು, "ಅದು ನಮಗ ಆಗಿ ಬರೂದಲ್ಲವ್ವಾ, ಅಕಿ ಒಗದಾಳ" ಎಂದರು. ನಾನೂ ಹೌದೆಂದು ಗೋಣು ಹಾಕಿದೆ. ಅತ್ತೆಯವರು "ಆಗ್ಲಿ ತಗೋ" ಎಂದು ಗೋಡೆಯ ಕಡೆ ಹೊರಳಿ ಮಲಗಿದರು.

ನಾನು ಒಗೆದಿರಲಿಲ್ಲ. ಕಣ್ಣೆದುರು ಒಬ್ಬರು ಸವೆದು ಹೋಗುತ್ತಿರುವಾಗ ಔಷಧಿಯನ್ನು ತಿಪ್ಪೆಗೆ ಹೇಗೆ ಸುರಿಯುವುದು? ಪಾಪ ಬಂದರೆ ನನಗೆ ಬರಲಿ ಎಂದು ಮನಸ್ಸು ಗಟ್ಟಿ ಮಾಡಿದೆ. ದಿನಾ ಮಧ್ಯಾಹ್ನ ಅವರ ತಾಟಿಗೆ ಪುಂಡಿಪಲ್ಯ ಬಡಿಸುವಾಗ ಐದು ಹನಿ ಹಾಕಿ ಕಲಸಿಬಿಡುತ್ತಿದ್ದೆ. ಪುಂಡಿಯ ಹುಳಿಗೂ ಹಸಿಮೆಣಸಿನಕಾಯಿಯ ಖಾರಕ್ಕೂ ಮೀನಿನ ವಾಸನೆ ಹೆದರಿ ಅಡಗುತ್ತದೆ. ಸೀಸೆ ಖಾಲಿಯಾದರೆ ಭಾಲ್ಕಿಯಲ್ಲಿರುವ ನನ್ನ ತವರಿನ ಅಣ್ಣ ಇನ್ನೊಂದು ತಂದುಕೊಡುತ್ತಿದ್ದ. ನಿಮ್ಮ ತಮ್ಮನಿಗೆ ಇದರ ಸುಳಿವೂ ಕೊಡಲಿಲ್ಲ. ಅವ್ವನ ಧರ್ಮ ಕೆಡಿಸಿದಿ ಎಂದು ನನ್ನನ್ನು ತವರಿಗೆ ಅಟ್ಟಿಯಾರೆಂಬ ಹೆದರಿಕೆ ಇತ್ತು.

ಅದೇ ದಿನಗಳಲ್ಲಿ ನಿಮ್ಮ ತಮ್ಮನಿಗೆ ಒಂದು ಹೊಸ ಹುಚ್ಚು ಹತ್ತಿತು. ಹುಟ್ಟಿದಂದಿನಿಂದ ಒಲೆಗೆ ಒಂದು ಕಟ್ಟಿಗೆ ತುಂಡು ದೂಡದ ಮನುಷ್ಯ, ಸಂಜೆಯಾದರೆ ತಾನೇ ಅಜಿವಾನದ ಕಷಾಯ ಕುದಿಸಿ ಅವ್ವನಿಗೆ ಕುಡಿಸತೊಡಗಿದರು. ನಾನು ಮಾಡುತ್ತೇನೆ ಸರಿಯಿರಿ ಎಂದರೆ, "ನನ್ನ ಅವ್ವಗ ನಾ ಮಾಡ್ತೇನಿ, ನೀ ಯಾಕ ನಡುವ ಬರ್ತಿ?" ಎಂದು ಗದರುತ್ತಿದ್ದರು. ನಾನು ಎಂಥ ಪೆದ್ದಿ ನೋಡಿ. ಇಂಥ ತಾಯಿಭಕ್ತ ಗಂಡ ಯಾರಿಗುಂಟು ಎಂದು ಬಾಗಿಲ ಮರೆಯಲ್ಲಿ ನಿಂತು ಕರಗುತ್ತಿದ್ದೆ. ಆ ಕಷಾಯದಲ್ಲೇನಿದೆ ಎಂದು ಒಂದು ದಿನವೂ ಮೂಸಿ ನೋಡಲಿಲ್ಲ.

ಜ್ಯೇಷ್ಠದಲ್ಲಿ ನಿಮ್ಮ ಬಸಿರಿನ ಸುದ್ದಿ ಬಂತು. ಎಷ್ಟೋ ವರ್ಷದ ಹರಕೆ, ಎರಡು ಸಲ ಕೈಗೆ ಬಂದು ತಪ್ಪಿದ್ದು. ಅತ್ತೆಯವರು ಅವತ್ತು ಮಲಗಿದಲ್ಲೇ ಅತ್ತರು. "ಬಾಳಂತನ ಯಾರು ಮಾಡ್ಬೇಕ ಅಕಿದು? ನಾ ಹಿಂಗ ಬಿದ್ದೇನಿ" ಎಂದರು. ನಾನಿಲ್ಲವೇ ಎಂದರೆ, ನೀನು ಹಡೆದವಳಲ್ಲ, ನಿನಗೇನು ತಿಳಿಯುತ್ತದೆ ಎಂದರು. ನನಗೆ ಚುಚ್ಚಿತು, ಆದರೆ ಅದು ನೋವಿನ ಮಾತೆಂದು ಸುಮ್ಮನಾದೆ. ಆ ದಿನಗಳಲ್ಲಿ ಬಳೆಗಾರ ಅಮೀರ ಪಾಶಾನ ತಾಯಿ ಬಂದು ಅವರನ್ನು ಮಾತಾಡಿಸಿ ಹೋಗುವುದು ಹೆಚ್ಚಾಯಿತು. ವಾಡೆಯ ಒಳಗೆ ಬರುವ ಹೊರಗಿನವಳು ಅವಳೊಬ್ಬಳೇ ತಾನೇ? ಬಳೆಬುಟ್ಟಿ ಪಕ್ಕಕ್ಕಿಟ್ಟು ಇಬ್ಬರೂ ಗುಸುಗುಸು ಮಾತಾಡುತ್ತಿದ್ದರು. ಅವಳು ಎಷ್ಟು ಸಲ ಬಂದು ಹೋದರೂ ಅತ್ತೆಯವರ ಕೈಯಲ್ಲಿ ಅವೇ ಹಳೆಯ ಬಳೆಗಳು. ಹೋಗಲಿ, ಮುದುಕಿಗೆ ಹೊತ್ತು ಹೋಗುತ್ತದೆ ಎಂದುಕೊಂಡೆ.

ಶ್ರಾವಣದ ಹೊತ್ತಿಗೆ ಅತ್ತೆಯವರು ಗೋಡೆ ಹಿಡಿದು ಎದ್ದರು ಅಕ್ಕಾ. ಒಂದು ಬೆಳಿಗ್ಗೆ ತಾವೇ ತುಳಸಿಕಟ್ಟೆಯವರೆಗೆ ನಡೆದು ಹೋಗಿ ನೀರು ಹಾಕಿದರು. ನಾನು ಕೊಟ್ಟಿಗೆಯಲ್ಲಿ ಕೂತು ಸೆರಗು ಬಾಯಿಗೊತ್ತಿ ಅತ್ತುಬಿಟ್ಟೆ. ನನ್ನ ಐದು ಹನಿ ಎಂದುಕೊಂಡೆ. ನಿಮ್ಮ ತಮ್ಮ ಅವತ್ತು ಸುಮ್ಮಸುಮ್ಮನೆ ನಗುತ್ತ ಓಡಾಡುತ್ತಿದ್ದರು. ಅವರು ತಮ್ಮ ಹನಿಗಳನ್ನು ನೆನೆದು ನಗುತ್ತಿದ್ದಾರೆಂದು ನನಗೆ ಹೇಗೆ ತಿಳಿಯಬೇಕು? ಡಾಕ್ಟರಬಾಯಿಗೆ ತೋರಿಸಬೇಕಿತ್ತು. ನಿಮ್ಮ ತಮ್ಮ ಬೀದರಿಗೆ ಹೋಗಿ ವಿಚಾರಿಸಿ ಬಂದರು. ರಾಜ್ಯ ಒಡೆಯುತ್ತದೆಂದು ಆಕೆ ತಮ್ಮವರಿರುವ ಹೈದರಾಬಾದಿಗೇ ಹೊರಟುಹೋಗಿದ್ದರಂತೆ. ಎದ್ದು ಓಡಾಡುವವರನ್ನು ಇನ್ನು ಯಾರಿಗೆ ತೋರಿಸುವುದೆಂದು ನಾವು ಸುಮ್ಮನಾದೆವು.

ದಸರೆಯ ಹೊತ್ತಿಗೆ ಮೈ ತಿರುಗಿತು. ಮೊದಲು ನೀರಡಿಕೆ. ತಂಬಿಗೆಯ ಮೇಲೆ ತಂಬಿಗೆ ನೀರು ಕುಡಿದರೂ ನಾಲಿಗೆ ಒಣಗುತ್ತಿತ್ತು. ಆಮೇಲೆ ಅನ್ನ ಸೇರಲಿಲ್ಲ, ತಿಂದದ್ದು ವಾಂತಿ. ಕಾಲಲ್ಲಿ ಶಕ್ತಿ ಇಲ್ಲದೆ ಮತ್ತೆ ಹಾಸಿಗೆ ಹಿಡಿದರು. ಹಳೆಯ ರೋಗವೇ ತಿರುಗಿ ಬಂತೆಂದು ನಾನು ತಿಳಿದೆ. ತಿಳಿದು ಏನು ಮಾಡಿದೆ ಗೊತ್ತೇ? ಐದು ಹನಿಯನ್ನು ಹತ್ತು ಮಾಡಿದೆ. ಸಂಜೆಯ ಕಷಾಯದಲ್ಲಿ ನಿಮ್ಮ ತಮ್ಮನೂ ಅದನ್ನೇ ಮಾಡಿದ್ದರು.

ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಅವರು ನನ್ನನ್ನು ನೋಡಿ, ತಮ್ಮ ಸತ್ತುಹೋದ ತಂಗಿಯ ಹೆಸರು ಹಿಡಿದು ಕರೆದರು. ನಾನು ಶಾಲು ಎಂದರೆ ಗುರುತಿಸಲಿಲ್ಲ. ನಿಮ್ಮ ತಮ್ಮನನ್ನು ನೋಡಿ ಯಾರಿವನು ಎಂದು ತಲೆಯ ಮೇಲೆ ಸೆರಗೆಳೆದುಕೊಂಡರು. ಧೊಂಡಿಬಾನನ್ನೂ ಕರೆದುಕೊಂಡು ಅವರನ್ನು ಎತ್ತಿಕೊಂಡೇ ರೈಲು ಹತ್ತಿದೆವು. ಅವತ್ತು ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದ ದಿನ. ಬೀದರ ಸ್ಟೇಶನ್ನಿನ ಹೊರಗೆ ಬಾಜಾಬಜಂತ್ರಿ, ಸಾಲಿ ಮಕ್ಕಳ ಕೈಯಲ್ಲಿ ಬಾವುಟ, ಯಾರೋ ನನ್ನ ಕೈಯಲ್ಲೂ ಒಂದು ಪೇಢೆ ಇಟ್ಟು ಹೋದರು. ಟಾಂಗಾ ಆ ಗದ್ದಲದಲ್ಲಿ ಮುಂದೆ ಹೋಗಲೊಲ್ಲದು. ಅತ್ತೆಯವರು ಅರೆಗಣ್ಣು ತೆರೆದು, "ಅಂಜನಾನ ಔರಾದ ಯಾರ ಪಾಲಿಗಿ ಹೋಯ್ತು?" ಎಂದು ಕೇಳಿದರು. ಉದಗೀರಿನ ಹಾಗೆ ನಿಮ್ಮ ಊರೂ ಮುಂಬಯಿಯ ಕಡೆ ಹೋದರೆ ಮಗಳನ್ನು ಕರೆತರಲು ಪರವಾನಗಿ ಬೇಕಾದೀತೆಂದು ಎಷ್ಟೋ ದಿನದಿಂದ ಹೆದರಿಕೊಂಡಿದ್ದರು. ನಮ್ಮ ಪಾಲಿಗೇ ಬಂತು ಎಂದು ನಾನು ಅವರ ಕಿವಿಯಲ್ಲಿ ಹೇಳಿದೆ. ಹೆತ್ತ ಮಗನನ್ನೇ ಮರೆತ ಹೊತ್ತಿನಲ್ಲೂ ಅವರಿಗೆ ನೀವು ನೆನಪಿದ್ದಿರಿ.

ದವಾಖಾನೆಯಲ್ಲಿ ಈಗ ಇರುವವರು ಮುಜೀಬೋದ್ದೀನ ಎನ್ನುವ ಡಾಕ್ಟರರು. ವಯಸ್ಸು ಸಣ್ಣದು, ಕನ್ನಡ ನಮ್ಮ ಹಾಗೇ ಆಡುತ್ತಾರೆ. ಅತ್ತೆಯವರ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಹಿಡಿದು ಅದಕ್ಕೆ ಏನೋ ಔಷಧ ಬೆರೆಸಿದರು. ತಿಳಿಯಾಗಿದ್ದದ್ದು ನಮ್ಮ ಕಣ್ಣೆದುರಿಗೇ ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಅವರು ನಳಿಗೆಯನ್ನು ಬೆಳಕಿಗೆ ಹಿಡಿದು, "ಇಷ್ಟು ಸುಣ್ಣ ನಾ ಯಾರ ಮೈಯಾಗೂ ನೋಡಿಲ್ರಿ. ಇವರಿಗಿ ಏನ್ ಕೊಟ್ಟೀರಿ?" ಎಂದರು.

ಇನ್ನು ಮುಚ್ಚಿಟ್ಟರೆ ಅವರು ಉಳಿಯುವುದಿಲ್ಲ ಎಂದು ನನಗೆ ಅನಿಸಿತು. ಗಂಡನ ಮುಖ ನೋಡದೆ ಹೇಳಿಬಿಟ್ಟೆ: "ಮೀನೆಣ್ಣಿ ಕೊಟ್ಟೇನ್ರಿ. ದಿನಾ ಊಟದಾಗ." ನಿಮ್ಮ ತಮ್ಮ ನನ್ನ ಕಡೆ ತಿರುಗಿದರು. ಈಗ ಹೊಡೆಯುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ. "ನೀ ಒಗದಿಲ್ಲೇನು?" ಎಂದು ಕೇಳಿದರು. ಆಮೇಲೆ ಅಲ್ಲೇ ದವಾಖಾನೆಯ ನೆಲದ ಮೇಲೆ ಕುಸಿದು ಕೂತು, "ನಾನೂ ಕೊಟ್ಟೇನಿ. ಕಷಾಯದಾಗ. ನೀ ಎಲ್ಲಿ ಅವ್ವಗ ಬಾಯಿ ಬಿಡ್ತಿ ಅಂತ ನಿಂಗ ಒಗಿ ಅಂದೆ" ಎಂದರು. ಬಾಯಿಬಡುಕಿ ಎಂದು ನನ್ನನ್ನು ನಂಬದೆ ಬೇರೆ ಸೀಸೆ ತಂದು ತಮ್ಮ ಬಟ್ಟೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರಂತೆ. ನಾವು ಒಂದೇ ಹಾಸಿಗೆಯಲ್ಲಿ ಮಲಗುವ ಗಂಡಹೆಂಡತಿ ಅಕ್ಕಾ. ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಒಂದೇ ಜೀವಕ್ಕೆ ಎರಡೆರಡು ಪಾಲು ಸುರಿದಿದ್ದೆವು.

ಡಾಕ್ಟರರು ನಮ್ಮನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಸರಿಯಾಗಿ ಕೊಟ್ರ ಇದರಂಥ ಔಷಧ ಇಲ್ರಿ. ಹೆಚ್ಚಾದ್ರ ಇದು ಇಸ. ಎಲುಬಿಗಿ ಹೋಗೂ ಸುಣ್ಣ ರಕ್ತದಾಗ ನಿಂತು ಮೂತ್ರಪಿಂಡ ಕಟ್ತದ" ಎಂದರು. ಧೊಂಡಿಬಾ ಬಾಗಿಲಲ್ಲಿ ನಿಂತು ಕೇಳಿದ್ದು ಈ ನಡುವಿನ ಮಾತೊಂದನ್ನೇ. ಆಮೇಲೆ ಡಾಕ್ಟರರು ಯಾವ ಎಣ್ಣೆ, ಎಷ್ಟು ಹನಿ, ಯಾವಾಗಿನಿಂದ ಎಂದೆಲ್ಲ ಕೇಳಿ ಕಾಗದದ ಮೇಲೆ ಲೆಕ್ಕ ಹಾಕಿದರು. "ನಿಮ್ಮಿಬ್ಬರ ಪಾಲು ಕೂಡಿಸಿದ್ರೂ ಇಷ್ಟು ಆಗಂಗಿಲ್ಲ. ಇನ್ನೊಬ್ರು ಯಾರೋ ಕೊಟ್ಟಾರ" ಎಂದರು. ನಾವಿಬ್ಬರೂ ಮುಖಮುಖ ನೋಡಿಕೊಂಡೆವು.

ಅಂದಿನಿಂದ ಎಣ್ಣೆ ಬಂದ್, ಹಾಲು ಮೊಸರು ಬಂದ್. ಕೈಗೆ ಸೂಜಿ ಚುಚ್ಚಿ ಬಾಟಲಿಯಿಂದ ಉಪ್ಪುನೀರು ಏರಿಸಿದರು. ಬದುಕುತ್ತಾರೋ ಇಲ್ಲವೋ ಎಂದು ಡಾಕ್ಟರರೂ ಹೇಳಲಾರದ ದಿನಗಳಿದ್ದವು. ನಿಮ್ಮ ತಮ್ಮ ಮಂಚದ ಕಾಲು ಹಿಡಿದು ಕೂತವರು ಅನ್ನಕ್ಕೂ ಏಳುತ್ತಿರಲಿಲ್ಲ. ನಾವಿರುವುದು ಮಾವನವರ ಹಳೆಯ ಗೆಳೆಯ ಉಸ್ಮಾನ ಮಿಯಾ ಬಿಟ್ಟುಕೊಟ್ಟ ಕೋಣೆಯಲ್ಲಿ. ಆ ಮನೆಯವರೇ ಬಲವಂತದಿಂದ ಇವರನ್ನು ಕರೆದೊಯ್ದು ಎರಡು ತುತ್ತು ತಿನ್ನಿಸುತ್ತಿದ್ದರು.

ನಡುವೆ ಒಂದು ದಿನ ಎಕ್ಸ್‌ರೇ ತೆಗೆಯಲು ನರ್ಸಬಾಯಿ ಅತ್ತೆಯವರ ಕೊರಳಿನ ಮಾಳ ತೆಗೆಯಬೇಕೆಂದರು. ಇನ್ನು ದೊಡ್ಡ ರಾದ್ಧಾಂತವಾಗುತ್ತದೆ ಎಂದುಕೊಂಡೆ. ಆಗಷ್ಟೇ ಅವರಿಗೆ ಅರ್ಧಂಬರ್ಧ ಎಚ್ಚರ ಬಂದಿತ್ತು. ಅವರೇ ಕೈ ಹಿಂದಕ್ಕೆ ಒಯ್ದರು, ಒಂದೇ ಬೆರಳಿನಿಂದ ಗಂಟು ಸಡಿಲಿಸಿ ಮಾಳ ಬಿಚ್ಚಿ ನನ್ನ ಕೈಗೆ ಕೊಟ್ಟರು. ಅಷ್ಟು ವರ್ಷ ಬಿಗಿದ ಗಂಟು ಅಷ್ಟು ಹಗುರಾಗಿ ಹೇಗೆ ಬಿಚ್ಚಿತೆಂದು ನನಗೆ ಸೋಜಿಗವಾಯಿತು. ರೋಗದ ಮಂಪರು ಎಂದುಕೊಂಡೆ.

ಈಗ ನೀರಡಿಕೆ ಇಳಿದಿದೆ. ನೆನಪು ಪೂರ್ತಿ ಬಂದಿದೆ. ಮೂತ್ರಪಿಂಡಕ್ಕೆ ಏಟು ಬಿದ್ದಿದೆ, ಎಷ್ಟು ಬಿದ್ದಿದೆ ಎಂದು ಇನ್ನು ಕೆಲವು ತಿಂಗಳು ನೋಡಿದ ಮೇಲೆಯೇ ಹೇಳಬಹುದು ಎನ್ನುತ್ತಾರೆ. ಆ ಎಣ್ಣೆ ಮೈಯ ಕೊಬ್ಬಿನಲ್ಲಿ ಅಡಗಿ ಕೂತಿರುತ್ತದಂತೆ, ಮೆಲ್ಲಗೆ ಇಳಿಯಬೇಕು. ಇಳಿದ ಮೇಲೆ ಇನ್ನೆಂದೂ ಹನಿ ಬೇಡ, ಮೊದಲಿನ ಡಾಕ್ಟರಬಾಯಿ ಹೇಳಿದ ಬಿಸಿಲೇ ಸಾಕು ಎಂದಿದ್ದಾರೆ. ನಿಮ್ಮ ತಮ್ಮ ಕೇಳಿದವರೇ ನಿನ್ನೆ ಊರಿಗೆ ಹೋಗುತ್ತೇನೆಂದು ಎದ್ದರು. ಯಾಕೆಂದು ಕೇಳಿದರೆ, "ತಗಡು ಬಿಚ್ಚಸ್ಲಿಕ್ಕ" ಎಂದರು. ಬಿಸಿಲಿಗೆ ಕೂಡಿಸುವುದು ಮರ್ಯಾದೆಗೇಡು, ಕದ್ದು ಮೀನೆಣ್ಣೆ ಕುಡಿಸುವುದು ಮರ್ಯಾದೆ ಎಂದುಕೊಂಡ ಮನೆ ನಮ್ಮದು.

ಇನ್ನು ನಿಮಗೊಂದು ಪ್ರಶ್ನೆ, ಸಿಟ್ಟಾಗಬೇಡಿ. ಮೂರನೆಯ ಕೈ ಯಾರದು? ಅವ್ವನ ಎಲುಬಿಗೆ ಒಳ್ಳೆಯದೆಂದು ನೀವು ಔರಾದಿನಿಂದ ಅಂಟಿನುಂಡಿ ಮಾಡಿ ಮಾಡಿ ಕಳಿಸಿದಿರಿ. ನಾನು ಒಂದನ್ನೂ ಬಾಯಿಗೆ ಹಾಕಲಿಲ್ಲ, ಎಲ್ಲ ಅವರಿಗೇ ಕೊಟ್ಟೆ. ಅದರೊಳಗೆ ನೀವೂ ಏನಾದರೂ ಬೆರೆಸಿದ್ದಿರೇನು? ಬೆರೆಸಿದ್ದರೆ ಹೇಳಿ, ನಾನು ಯಾರ ಮುಂದೂ ಬಾಯಿ ಬಿಡುವುದಿಲ್ಲ. ಅವರ ಮೇಲಿನ ಪ್ರೀತಿಗೇ ಮಾಡಿರುತ್ತೀರಿ, ನಾವು ಮಾಡಿದ ಹಾಗೆ. ಬೆರೆಸಿಲ್ಲವಾದರೆ ನಿಮ್ಮ ತಮ್ಮನಿಗೂ ನನಗೂ ಒಬ್ಬರ ಮೇಲೊಬ್ಬರಿಗೆ ಸಂಶಯ ಉಳಿಯುತ್ತದೆ. ಹೇಳಿದ್ದಕ್ಕಿಂತ ಹೆಚ್ಚು ಹಾಕಿದಿಯೇನು ಎಂದು ಅವರು ನನ್ನನ್ನು ಎರಡು ಸಲ ಕೇಳಿದರು. ನಾನೂ ಅವರನ್ನು ಕೇಳಿದೆ. ಹೀಗೆ ಕೇಳಿಕೊಳ್ಳುತ್ತಾ ಒಂದೇ ಒಲೆಯ ಮುಂದೆ ಬಾಳುವುದು ಹೇಗೆ? ನಿಮ್ಮ ಹೊಸ್ತಿಲು ನಾನು ತುಳಿಯಬೇಕೋ ಬೇಡವೋ ಅದು ಆಮೇಲಿನ ಮಾತು. ಮೊದಲು ನಿಜ ತಿಳಿಸಿ.

ಇಷ್ಟಾದ ಮೇಲೂ ನಿಮ್ಮನ್ನು ಅಕ್ಕ ಎನ್ನುವುದನ್ನು ಬಿಡದ,
ಶಾಲುಬಾಯಿ

ತಾಜಾಕಲಮು, ಶನಿವಾರ ಮಧ್ಯಾಹ್ನ:

ನಿನ್ನೆ ಟಪಾಲಿಗೆ ಹಾಕಲು ಆಗಲಿಲ್ಲ, ಆಗದ್ದೇ ಒಳ್ಳೆಯದಾಯಿತು. ಮೇಲೆ ಕೇಳಿದ ಪ್ರಶ್ನೆಗೆ ನೀವು ಉತ್ತರ ಬರೆಯಬೇಕಾಗಿಲ್ಲ. ನಿಮ್ಮ ಉಂಡಿಯ ಮೇಲೆ ಸಂಶಯಪಟ್ಟದ್ದಕ್ಕೆ ನನ್ನನ್ನು ಕ್ಷಮಿಸಿ.

ಇವತ್ತು ಬೆಳಿಗ್ಗೆ ಮಾಳವನ್ನು ತೊಳೆದು ಅತ್ತೆಯವರ ಕೊರಳಿಗೆ ಕಟ್ಟಲು ಹೋದೆ. ನನ್ನ ಕೈ ಹಿಡಿದು ನಿಲ್ಲಿಸಿ, "ಅಂಜನಾ ನಿನ್ನ ಮ್ಯಾಲ ಸಿಟ್ಟಾಗ್ಯಾಳಂತಲ್ಲ" ಎಂದರು. ಧೊಂಡಿಬಾ ಹೇಳಿದ್ದನ್ನು ಮಲಗಿದಲ್ಲೇ ಕೇಳಿಸಿಕೊಂಡಿದ್ದರು. "ಅಕಿಗಿ ಬರಿ, ಮೂರನೇದಾಕಿ ನಾನೇ ಅಂತ" ಎಂದರು.

ಪರದೆಯ ಆಚೆ ಮಲಗಿ ಅವರು ಎಲ್ಲ ಕೇಳಿಸಿಕೊಂಡಿದ್ದರಂತೆ. ಇಷ್ಟು ವರ್ಷ ಅಮೀರ ಪಾಶಾನ ತಾಯಿಯ ಜತೆ ಕೂತು ಮಾತಾಡಿದವರಿಗೆ ಉರ್ದು ತಿಳಿಯದೇ ಇರುತ್ತದೆಯೇ? ನಾವು ಸೀಸೆ ಒಗೆದೆವು ಎಂದದ್ದನ್ನು ಅವರು ನಂಬಿದರು. ನಿಮ್ಮ ಬಸಿರಿನ ಸುದ್ದಿ ಬಂದ ವಾರ ಆ ಬಳೆಗಾರ್ತಿಯ ಮುಂದೆ ಬಾಯಿ ಬಿಟ್ಟರು. ಅವಳ ಓಣಿಯಲ್ಲಿ ಗೋಷಾ ಎಂದು ಪರದೆಯ ಹಿಂದೆಯೇ ಇರುವ ಹೆಂಗಸರಿಗೂ ಇದೇ ರೋಗ, ಇದೇ ಡಾಕ್ಟರಬಾಯಿಯ ಎಣ್ಣೆ. ಬಳೆಬುಟ್ಟಿಯ ತಳದಲ್ಲಿಟ್ಟು ಸೀಸೆ ತಂದುಕೊಟ್ಟಳು. ನಾನು ದನದ ಕೊಟ್ಟಿಗೆಗೆ ಹೋದ ಹೊತ್ತು ನೋಡಿ ಅತ್ತೆಯವರು ದಿನಾ ಮಾಳ ಬಿಚ್ಚಿ ಮೊಳೆಗೆ ಹಾಕಿ, ಎಣ್ಣೆ ಕುಡಿದು, ಬಾಯಿ ಮುಕ್ಕಳಿಸಿ, ತುಳಸಿ ಎಲೆ ಅಗಿದು ಮತ್ತೆ ಮಾಳ ಕಟ್ಟಿಕೊಳ್ಳುತ್ತಿದ್ದರಂತೆ. ದಸರೆಗೆ ಮೈ ಕೆಟ್ಟಾಗ ಅವರೂ ಹನಿ ಹೆಚ್ಚು ಮಾಡಿದ್ದರು. ಅಂಜನಾನ ದಿನ ತುಂಬುತ್ತಾ ಬಂತು, ಅಷ್ಟರೊಳಗೆ ಎದ್ದು ನಿಲ್ಲಬೇಕಾಗಿತ್ತು ಎಂದರು.

ವಿಠ್ಠಲನಿಗೆ ಹೆದರಿ ಮಾಳ ತೆಗೆದಿಡುತ್ತಿದ್ದಿರೇನು ಎಂದು ಕೇಳಿದೆ. ಅತ್ತೆಯವರು ನನ್ನನ್ನೇ ನೋಡಿದರು.

"ಅಂವಗ ಗೊತ್ತಿತ್ತಲ್ಲ, ಅಂವಗ ಯಾಕ ಅಂಜ್ಲಿ? ಮಣಿಗೆ ವಾಸ್ನಿ ಹತ್ತಿದ್ರ ನಿಮಗ ಗೊತ್ತಾಗ್ತದಂತ ತಗದಿಡ್ತಿದ್ದೆ."